ಗೋಡೆ ಹತ್ತುವ ಬೆರಳು

ಖಾಲಿ ಗೋಡೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನೀವು ನಗಬಹುದು, ನಗಿ. ಕೆಲವರಿಗೆ ಉಗುರು ಕಚ್ಚುವ ಚಾಳಿ, ಕೆಲವರಿಗೆ ಮಾತಿನ ನಡುವೆ ಸೆರಗಿನ ತುದಿ ತಿರುಚುವ ಚಾಳಿ. ನನ್ನದು ಇದು. ಗೋಡೆಯ ಮುಂದೆ ನಿಂತೆನೋ, ಎರಡೂ ಕೈಯ ಬೆರಳುಗಳು ಸೊಂಟದ ಮಟ್ಟದಿಂದ ಹೊರಟು ಮೆಲ್ಲಗೆ ಮೇಲಕ್ಕೆ ನಡೆಯತೊಡಗುತ್ತವೆ. ತೋರುಬೆರಳು ಒಂದು ಹೆಜ್ಜೆ, ನಡುಬೆರಳು ಒಂದು ಹೆಜ್ಜೆ. ತೋಳು ಕಿವಿಗೆ ತಾಗುವ ತನಕ ಹೋಗಿ, ಅಲ್ಲಿ ಒಂದಿಷ್ಟು ಹೊತ್ತು ನಿಂತು, ಬಂದ ದಾರಿಯಲ್ಲೇ ಇಳಿಯುತ್ತವೆ.

ಹೋದ ತಿಂಗಳು ಕೊಯಮತ್ತೂರಿನಲ್ಲಿ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಎಲೆ ಹಾಕುವ ತನಕ ಹೊತ್ತು ಕಳೆಯಲು ಒಳಗಿನ ಕೋಣೆಗೆ ಹೋದೆ. ತಿಳಿಹಸಿರು ಬಣ್ಣದ ಗೋಡೆ, ಒಂದು ಮೊಳೆ ಕೂಡ ಬಿದ್ದಿಲ್ಲ. ಇನ್ನೇನು ಬೇಕು? ಬೆರಳು ಅರ್ಧ ದಾರಿ ಹೋಗಿರಬೇಕು, ಹಿಂದಿನಿಂದ ಮನೆಯೊಡತಿಯ ದನಿ ಕೇಳಿತು.

“ಏನಕ್ಕಾ, ಸೆವುರಲ್ಲಿ ಈರ ಏನಾನಾ ಐತಾ?”

ಹೊಸ ಗೋಡೆಯಲ್ಲಿ ತೇವ ಇಳಿದಿದೆಯೇ ಎಂದು ಅವಳ ಗಾಬರಿ. “ಇಲ್ಲ ಕಣ್ಣು, ಸುಮ್ಮಾ” ಅಂದೆ; ‘ಕಣ್ಣು’ ನಮ್ಮ ಕಡೆ ಅಕ್ಕರೆಯ ಕರೆ. ಆ ‘ಸುಮ್ಮಾ’ ಅವಳಿಗೆ ಸಮಾಧಾನ ತರಲಿಲ್ಲ. ಗಂಡನನ್ನು ಕರೆದಳು. ಅವನು ಅಂಗೈಯಿಂದ ಗೋಡೆ ಸವರಿ ನೋಡಿದ. ಅವನ ಅಣ್ಣ ಬಂದು ಬೆರಳ ಗೆಣ್ಣಿನಿಂದ ಕುಟ್ಟಿದ. ಕೊನೆಗೆ ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ ಮೇಸ್ತ್ರಿಯನ್ನು ಎಬ್ಬಿಸಿ ತಂದರು. ಪಾಪ, ಅವನು ಎಂಜಲುಗೈಯಲ್ಲೇ ನಿಂತು, ಈ ಗೋಡೆಯಲ್ಲಿ ಹನಿ ನೀರಿದ್ದರೆ ತನ್ನ ಕರಣೆಯನ್ನು ನದಿಗೆ ಎಸೆಯುವುದಾಗಿ ಶಪಥ ಮಾಡಿದ. ನಾನು ಪಾಯಸ ಮುಗಿಸಿ ಮೆಲ್ಲಗೆ ಜಾರಿಕೊಂಡೆ.

ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇ? ಕೈ ಮೇಲೆ ತಲುಪಿದಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದೇ ತಡ, ಎದುರಿಗಿರುವುದು ಎಂಥ ಬಣ್ಣದ ಗೋಡೆಯಾದರೂ ಅದಕ್ಕೆ ಹಸಿ ಸುಣ್ಣದ ವಾಸನೆ ಬರುತ್ತದೆ, ಸುಣ್ಣದ ಹಿಂದೆ ಗಂಜಿಯ ವಾಸನೆ, ಅದರ ಹಿಂದೆ ಎಲ್ಲೋ ದೂರದಲ್ಲಿ ಲಾಳಿ ಓಡುವ ಸದ್ದು. ಟಕ್ ಟಕ, ಟಕ್ ಟಕ. ಆಮೇಲೆ ನಾನು ಎಲ್ಲಿದ್ದೇನೆಂದು ಯಾರಾದರೂ ಭುಜ ಮುಟ್ಟಿ ಹೇಳಬೇಕು.

ಅದು ಎಂಬತ್ತರ ದಶಕದ ನಮ್ಮ ಬೀದಿ. ಧಾರಾಪುರಂನಿಂದ ಸ್ವಲ್ಪ ದೂರ. ಬೀದಿಯ ಎರಡೂ ಬದಿಗೆ ನೇಕಾರರ ಮನೆಗಳು, ಪ್ರತಿ ಮನೆಯ ಮುಂಗೋಣೆಯಲ್ಲಿ ನೆಲಕ್ಕೆ ಒಂದು ಕುಳಿ, ಕುಳಿಯ ಮೇಲೆ ಮಗ್ಗ. ನೇಯುವವನು ಕುಳಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು. ಹೊಸ್ತಿಲ ಒಳಗೆ ನಾವೆಲ್ಲ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈಗ ನಾನು ಬರೆಯುತ್ತಿರುವ ಈ ಅಕ್ಷರಗಳು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದೂ ಮದುವೆಯಾದ ಮೇಲೆ, ಮೈಸೂರು ಕಡೆಯಿಂದ ವರ್ಗವಾಗಿ ಪಕ್ಕದ ಮನೆಗೆ ಬಂದ ಒಬ್ಬ ಅಮ್ಮನಿಂದ. ಅವರು ನನ್ನ ಮಾತು ಕೇಳಿ ಮೊದಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇರಲಿ, ಅದು ಬೇರೆಯೇ ಕತೆ.

ಬೆಳಗಿನ ಜಾವ ಬೀದಿಯ ಉದ್ದಕ್ಕೂ ಹಾಸಿನ ನೂಲು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಕಟ್ಟಿ ಗಂಜಿ ಸವರುತ್ತಿದ್ದರು. ಮಂಜಿನಲ್ಲಿ ನೂಲು ಕಾಣುತ್ತಿರಲಿಲ್ಲ, ಅದರ ಎರಡೂ ಕಡೆ ಕುಂಚ ಹಿಡಿದು ಹಿಂದೆ ಮುಂದೆ ನಡೆಯುವ ಜನ ಮಾತ್ರ ಕಾಣುತ್ತಿದ್ದರು. ಗಾಳಿಯನ್ನು ಬಾಚುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗೆ. ನಾನು ಜಗುಲಿಯ ಮೇಲೆ ಕುಳಿತು, ನಿದ್ದೆ ಪೂರ್ತಿ ಬಿಡದೆ, ನಡೆಯುವವರ ಬೆನ್ನು ನೋಡುತ್ತಿದ್ದೆ. ನಮ್ಮ ಬೀದಿಯ ಗಂಡಸರನ್ನೆಲ್ಲ ಹಿಂದಿನಿಂದ ನೋಡಿದರೆ ಒಂದೇ ಪಕ್ಕಕ್ಕೆ ವಾಲಿದ್ದರು. ಬಲಗೈ ಲಾಳಿಯ ಹಗ್ಗವನ್ನು ದಿನವಿಡೀ ಕೆಳಗೆ ಜಗ್ಗಬೇಕು, ಎಡಗೈ ಎಳೆಯನ್ನು ಬಡಿದು ಕೂರಿಸಬೇಕು. ಹಾಗಾಗಿ ಬಲ ಭುಜ ಕೆಳಗೆ, ಎಡ ಭುಜ ಮೇಲೆ. ಗಂಡಸರನ್ನು ದೇವರು ಮಾಡಿರುವುದೇ ಹೀಗೆ ಎಂದು ನಾನು ನಂಬಿದ್ದೆ. ನಮ್ಮೂರಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರ್ ಎರಡೂ ಭುಜ ಸಮವಾಗಿಟ್ಟುಕೊಂಡು ಇಳಿದಾಗ, ಅಯ್ಯೋ ಇವನಿಗೇನಾಯಿತು ಎನ್ನಿಸುತ್ತಿತ್ತು.

ಈ ನಂಬಿಕೆಗೆ ಕಲ್ಲು ಹಾಕಿದವನು ನನ್ನ ಅವ್ವನ ತಮ್ಮ, ವೇಲು ಮಾವ. ಅವನು ಕೊಯಮತ್ತೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಡಾಕ್ಟರಲ್ಲ. ಕೈಕಾಲು ಬಾರದವರಿಗೆ ವ್ಯಾಯಾಮ ಮಾಡಿಸುವ ಕೋಣೆಯಲ್ಲಿ ಸಹಾಯಕ. ಅಲ್ಲಿನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕಿವಿತುಂಬ ಕೇಳಿಕೊಂಡು, ಭಾನುವಾರ ಬಸ್ಸು ಹತ್ತಿ ಬಂದು ನಮ್ಮ ಮೇಲೆ ಪ್ರಯೋಗಿಸುತ್ತಿದ್ದ. ಮನುಷ್ಯರನ್ನು ಕಂಡರೆ ಅವನಿಗೆ ಮುಖ ಕಾಣುತ್ತಿರಲಿಲ್ಲ, ಕೀಲು ಕಾಣುತ್ತಿತ್ತು. ನಾನು ಸ್ಕೂಲ್ ಬ್ಯಾಗಿನ ಭಾರಕ್ಕೆ ಬಾಗಿ ಬಂದರೆ ಬೆನ್ನಿಗೊಂದು ತಟ್ಟಿ, “ನೆಟ್ಟಗೆ ನಿಲ್ಲು ಕಣ್ಣು, ಮುದುಕಿ ಆದ್ಮೇಲೆ ಬಗ್ಗೋಕೆ ಬೇಕಾದಷ್ಟು ಟೈಮ್ ಐತೆ” ಎನ್ನುತ್ತಿದ್ದ. ಕುನ್ನತ್ತೂರಿಗೆ ಹೆಣ್ಣು ನೋಡಲು ಹೋಗಿ ಬಂದವನನ್ನು ಅವ್ವ ಆಸೆಯಿಂದ ಕೇಳಿದಳು, ಹುಡುಗಿ ಹೇಗಿದ್ದಾಳೆ ಅಂತ. “ಲಕ್ಷಣವಾಗವ್ಳೆ ಅಕ್ಕಾ. ಎಡ ಹಿಮ್ಮಡಿ ಮಾತ್ರ ಒಳಕ್ ತಿರುಗುತ್ತೆ” ಅಂದ. ಆ ಮಾತು ಹೇಗೋ ಹುಡುಗಿಯ ಕಡೆಯವರಿಗೆ ತಲುಪಿ, ಸಂಬಂಧ ಮುರಿಯುವ ಮಟ್ಟಕ್ಕೆ ಹೋಯಿತು. ಕೊನೆಗೆ ಅವಳನ್ನೇ ಮದುವೆಯಾದ. ಆ ಹಿಮ್ಮಡಿ ಇವತ್ತಿಗೂ ಒಳಕ್ಕೇ ಇದೆ, ಮಾವ ಅದರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ.

ಒಂದು ಭಾನುವಾರ ಮಾವನ ಕಣ್ಣು ಅಪ್ಪನ ಭುಜದ ಮೇಲೆ ಬಿತ್ತು. ಅಪ್ಪ ಆಗ ಕುಳಿಯಿಂದ ಎದ್ದು ಊಟಕ್ಕೆ ಬರುತ್ತಿದ್ದ.

“ಬಾವ, ನಿಮ್ ಬಲ ತೋಳು ಮುಂದಕ್ ಬಂದ್ಬುಟ್ಟೈತೆ. ಇವಾಗ್ಲೇ ನೆಟ್ಟಗೆ ಮಾಡ್ಕೋಬೇಕು.”

“ನೋವೇ ಇಲ್ಲ ಮಚ್ಚಾ. ನೋವಿಲ್ದೆ ಏನ್ ಮಾಡ್ಕೊಳ್ಳೋದು?”

“ನಮ್ ರೂಮಿಗೆ ಬರೋರೆಲ್ಲ ನೋವ್ ಬಂದ್ಮೇಲೇ ಬರೋದು ಬಾವ. ಆಮೇಲೆ ಅಳ್ತಾರೆ. ಮುಂಚೇನೇ ಮಾಡಿದ್ರೆ ಬರೋದೇ ಇಲ್ಲ ತಾನೆ?”

ಅಪ್ಪ ನಕ್ಕ. “ಹೊತ್ತು ಹುಟ್ಟಿದ್ರಿಂದ ಕೈ ಆಡಿಸ್ತಾ ಇರೋನ್ಗೆ ಎಕ್ಸರ್ಸೈಜ್ ಬೇರೆಯಾ?”

“ಆಡ್ಸೋದು ಒಂದೇ ದಿಕ್ಕಿಗೆ ತಾನೆ? ಅದುಕ್ಕೇ ಇನ್ನೊಂದ್ ದಿಕ್ಕಿಗೂ ಆಡ್ಸಿ ಅಂತೀನಿ.”

ಮಾತು ಹೀಗೇ ತಮಾಷೆಯಲ್ಲಿ ಮುಗಿಯಬೇಕಿತ್ತು. ಆದರೆ ಅವ್ವ ಎದ್ದು ಒಳಗೆ ಹೋಗಿ, ಹಿಂದಿನ ದಿನ ಮಗ್ಗದಿಂದ ಇಳಿಸಿದ್ದ ಸೀರೆಯನ್ನು ತಂದು ಬೆಳಕಿಗೆ ಹಿಡಿದಳು. ಒಂದು ಅಂಚು ಬಿಗಿಯಾಗಿ ನೆಟ್ಟಗಿತ್ತು, ಬಲಗಡೆಯ ಅಂಚು ಅಲ್ಲಲ್ಲಿ ಸಡಿಲಾಗಿ ಅಲೆಯಲೆಯಾಗಿತ್ತು. ಎಷ್ಟೋ ದಿನದಿಂದ ಅವಳು ಅದನ್ನು ನೀರು ಚಿಮುಕಿಸಿ, ಎಳೆದು, ಮಡಿಸಿದ ಪದರದ ಒಳಗೆ ಅಡಗಿಸಿ ಕೊಳ್ಳುವವರಿಗೆ ಕೊಡುತ್ತಿದ್ದಳಂತೆ.

“ನೋವಿಲ್ಲ ಅಂತ ಇವ್ರು ಹೇಳ್ತಾರೆ ವೇಲು. ಸೀರೆ ಬೇರೆ ಹೇಳುತ್ತೆ” ಅಂದಳು ಅವ್ವ.

ಅಪ್ಪನ ಮುಖ ಕೆಂಪಾಯಿತು. ಸೀರೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಮಡಚಿಟ್ಟ. ಮಾವ ಊಟ ಮುಗಿಸಿ ಹೊರಡುವಾಗ ಗೋಡೆಯ ಮುಂದೆ ನಿಂತು, ಅಪ್ಪನಿಗೆ ಕಾಣುವ ಹಾಗೆ, ಎರಡೂ ಕೈ ಬೆರಳುಗಳನ್ನು ಮೇಲಕ್ಕೆ ನಡೆಸಿ ತೋರಿಸಿ ಹೋದ. ಅವನ ಆಸ್ಪತ್ರೆಯಲ್ಲಿ ಇದಕ್ಕೆಂದೇ ಗೋಡೆಗೆ ಒಂದು ಸಣ್ಣ ಮರದ ಏಣಿ ಹೊಡೆದಿದ್ದರಂತೆ, ಬೆರಳು ಹತ್ತುವುದಕ್ಕೆ. ಬೆರಳಿಗೆ ಏಣಿ! ಎಷ್ಟೋ ದಿನ ನಾನು ಅದೇ ಗುಂಗಿನಲ್ಲಿದ್ದೆ. ಪಾಠದ ನಡುವೆ ನನ್ನ ಬೆರಳುಗಳು ಏಣಿ ಹತ್ತಿ ಕಿಟಕಿಯಾಚೆ ಹೋಗಿಬಿಡುತ್ತಿದ್ದವು.

ಅಪ್ಪನನ್ನು ಗೋಡೆಯ ಮುಂದೆ ನಿಲ್ಲಿಸಿದ್ದು ಮಾವನ ಮಾತೂ ಅಲ್ಲ, ಅವ್ವನ ಸೀರೆಯೂ ಅಲ್ಲ. ಪಕ್ಕದ ಮನೆಯ ಕುಳಿ.

ಪಕ್ಕದ ಮನೆ ನಮ್ಮ ದೊಡ್ಡಪ್ಪನದು, ಅಪ್ಪನ ಅಣ್ಣ. ನಮ್ಮ ಬೀದಿಯಲ್ಲಿ ಅವನ ಹಾಗೆ ನೇಯುವವರು ಇರಲಿಲ್ಲ. ಅವನ ಕೈ ಒಂದೇ ದಿನಕ್ಕೆ ಕೆಟ್ಟದ್ದಲ್ಲ. ಮೊದಲು ಗೋಡೆಯ ಮೇಲಿನ ಗೂಡು ಎಟುಕದಾಯಿತು, ಆಮೇಲೆ ತಲೆ ಬಾಚಿಕೊಳ್ಳಲಾಗದಾಯಿತು, ಆಮೇಲೆ ಅಂಗಿಯ ತೋಳನ್ನು ದೊಡ್ಡಮ್ಮ ತೊಡಿಸಬೇಕಾಯಿತು. ಎಣ್ಣೆ ತಿಕ್ಕಿದರು, ಸೊಪ್ಪು ಕಟ್ಟಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರಂತೆ. ನೇಯುತ್ತಿದ್ದೆ ಎಂದನಂತೆ ದೊಡ್ಡಪ್ಪ.

ಅವನ ಮಕ್ಕಳು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದರು. ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದರು. ಒಂದು ಬೇಸಿಗೆಯ ಬೆಳಗ್ಗೆ ಕುಳಿಗೆ ಮಣ್ಣು ತುಂಬಿದರು. ಅಪ್ಪನೂ ಹೋಗಿ ಬಾಂಡಲಿಯಲ್ಲಿ ಮಣ್ಣು ಹೊತ್ತ. ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ಮಗುವಾಗಿದ್ದಾಗ ಆ ಕುಳಿಯಲ್ಲಿ ದೊಡ್ಡಪ್ಪನ ಕಾಲ ಬುಡದಲ್ಲಿ ಮಲಗಿ ನಿದ್ದೆ ಮಾಡಿದ್ದೆನಂತೆ. ತಂಪು, ಕತ್ತಲೆ, ಮೇಲೆ ಟಕ್ ಟಕ. ನಿಜವಾಗಿ ನೆನಪಿದೆಯೋ, ಕೇಳಿ ಕೇಳಿ ನೆನಪಾಗಿದೆಯೋ ತಿಳಿಯದು. ಈಗ ಅದರೊಳಗೆ ಕೆಮ್ಮಣ್ಣು ಬೀಳುತ್ತಿತ್ತು. ನೆಲ ಸಮವಾಯಿತು. ಸಿಮೆಂಟು ಬಳಿಯುವ ಮುಂಚೆ ದೊಡ್ಡಪ್ಪ ಗೋಡೆಯ ಮೇಲಿನ ಗೂಡಿನಲ್ಲಿದ್ದ ತನ್ನ ಲಾಳಿಯನ್ನು ತೆಗೆದುಕೊಳ್ಳಲು ಕೈ ಎತ್ತಿದ. ಕೈ ಎದೆಯ ತನಕ ಬಂದು ನಿಂತಿತು. ಹೇಳಿದ ಮಾತು ಕೇಳದ ಮಗುವನ್ನು ನೋಡುವಂತೆ ಅವನು ನಾಚಿಕೊಂಡು ತನ್ನ ಕೈಯನ್ನೇ ನೋಡಿದ. ಅಪ್ಪ ಲಾಳಿ ತೆಗೆದು ಅವನ ಅಂಗೈಯಲ್ಲಿಟ್ಟ.

ಆಮೇಲೆ ದೊಡ್ಡಪ್ಪ ಜಗುಲಿಯ ಮೇಲೆ ಕೂರುತ್ತಿದ್ದ. ನಮ್ಮ ಮನೆಯಲ್ಲಿ ಮಗ್ಗ ಆಡತೊಡಗಿದರೆ, ಅಲ್ಲಿ ಕೂತ ಅವನ ಪಾದಗಳು ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ. ಅದನ್ನು ಕಂಡಾಗಲೆಲ್ಲ ನಾನು ಒಳಗೆ ಹೋಗಿ ಅಪ್ಪನ ಬಲ ಭುಜ ನೋಡುತ್ತಿದ್ದೆ. ಅಪ್ಪನಿಗೆ ಮಗ್ಗ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆ ಕೈ ನಿಂತರೆ ನಮ್ಮ ಕುಳಿಗೂ ಮಣ್ಣೇ, ನಾವೆಲ್ಲ ಮನೆಗೆ ಬೀಗ ಹಾಕಿ ತಿರುಪ್ಪೂರಿನ ಬಸ್ಸು ಹತ್ತುವುದೇ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಣ್ಣು ತುಂಬಿದ ಮಾರನೆಯ ಬೆಳಗ್ಗೆ, ನೇಯ್ದಷ್ಟು ಬಟ್ಟೆಯನ್ನು ಮಗ್ಗದ ಮುಂದಿನ ದಿಂಡಿಗೆ ಸುತ್ತಿ ಅಪ್ಪ ಕುಳಿಯಿಂದ ಎದ್ದ. ನಮ್ಮ ಕಡೆ ನೋಡಲಿಲ್ಲ. ನೆಟ್ಟಗೆ ಹೋಗಿ ಗೋಡೆಯ ಮುಂದೆ ನಿಂತು ಬೆರಳು ನಡೆಸಿದ. ಎಡಗೈ ಸಲೀಸಾಗಿ ಮೇಲೆ ಹೋಯಿತು. ಬಲಗೈ ಕಿವಿಯ ಸಮಕ್ಕೆ ಬಂದು ತಡೆಯಿತು. ಅಪ್ಪನಿಗೆ ಆಶ್ಚರ್ಯವಾದದ್ದು ಅವನ ಬೆನ್ನಿನಲ್ಲೇ ಗೊತ್ತಾಯಿತು. ಹಾಗಾದರೆ ನೋವು ಆಗಲೇ ಹೊರಟು ದಾರಿಯಲ್ಲಿತ್ತು.

ಮುಂದಿನ ಭಾನುವಾರ ಮಾವ ಬಂದಾಗ ಅವನ ಸಂಭ್ರಮ ಹೇಳತೀರದು. ಹಿಮ್ಮಡಿ, ಬೆನ್ನು, ತಲೆ ಮೂರೂ ಬಾಗಿಲ ಕಂಬಕ್ಕೆ ತಾಗುವಂತೆ ನಿಲ್ಲುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಮೇಲೊಂದು ಕೈ ಕೆಳಗೊಂದು ಕೈಯಿಂದ ಎಳೆಯುವುದು, ಭುಜಗಳನ್ನು ಹಿಂದಕ್ಕೆ ಸೇರಿಸಿ ಬಿಡುವುದು, ಎಲ್ಲ ಕಲಿಸಿದ. ಬಟ್ಟೆ ಸುತ್ತಿದಾಗಲೆಲ್ಲ ಏಳಲೇಬೇಕೆಂದು ನಿಯಮ ಮಾಡಿದ. “ಮೇಲಕ್ ಹೋದ್ಮೇಲೆ ಸಡನ್ನಾಗಿ ಇಳಿಸ್ಬೇಡಿ ಬಾವ. ಅಲ್ಲೇ ಸ್ವಲ್ಪ ಹೊತ್ತು ಇರಿ. ಎರಡ್ ಕೈಯೂ ಒಟ್ಟಿಗೆ. ಒಂದೇ ಕೈ ಮಾತ್ರ ಎತ್ಲೇಬೇಡಿ” ಎಂದ. ಸೀರೆಗೆ ಎರಡಂಚೂ ಸಮ ಬರಬೇಕೆಂಬುದು ಅಪ್ಪನಿಗೆ ಹುಟ್ಟಿನಿಂದ ಗೊತ್ತು. ಹಾಗಾಗಿ ಈ ಮಾತು ಮಾತ್ರ ಅವನ ತಲೆಯಲ್ಲಿ ಕಲ್ಲಿನ ಮೇಲೆ ಕೆತ್ತಿದಂತೆ ಉಳಿಯಿತು.

ಬೀದಿ ಸುಮ್ಮನಿರುತ್ತದೆಯೇ? ನಮ್ಮ ಮನೆಯ ಮಗ್ಗ ನಿಂತರೆ ಸಾಕು, ಎದುರು ಮನೆಯಿಂದ “ಏರಿದ್ನಪ್ಪಾ ಸೆವುರು!” ಎಂದು ಕೂಗು. ಅಪ್ಪನಿಗೆ ‘ಹಲ್ಲಿ’ ಎಂದು ಹೆಸರಿಟ್ಟರು. ಶಾಲೆಯಲ್ಲಿ ನಾನು ‘ಹಲ್ಲಿ ಮಗಳು’. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ಲೊಚಗುಟ್ಟುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅಪ್ಪನಿಗೆ ಬರುತ್ತಿರಲಿಲ್ಲ.

ಸಿಟ್ಟು ಬಂದದ್ದು ಅವ್ವನಿಗೆ, ಅದೂ ಬೇರೆ ಕಾರಣಕ್ಕೆ. ಹಾಸಿನ ನೂಲಿಗೆ ಸವರುವ ಗಂಜಿ ಅಪ್ಪನ ಬೆರಳಿನಿಂದ ಪೂರ್ತಿ ಹೋದದ್ದನ್ನು ನಾನು ಕಂಡಿಲ್ಲ. ಆ ಬೆರಳಿನಲ್ಲೇ ಅವನು ಗೋಡೆ ಹತ್ತಿ ಇಳಿಯುತ್ತಿದ್ದ. ಒಂದು ದಿನ ಅವ್ವ ಕಸ ಗುಡಿಸಲು ಬಂದು ನೋಡುತ್ತಾಳೆ, ಸುಣ್ಣದ ಗೋಡೆಯ ಮೇಲೆ ಎರಡು ಸಾಲು ಇರುವೆ! ಪಕ್ಕಪಕ್ಕದಲ್ಲಿ, ದಾರ ಹಿಡಿದು ಗೆರೆ ಎಳೆದ ಹಾಗೆ, ನೆಟ್ಟಗೆ ಮೇಲಕ್ಕೆ ಹೋಗಿ ಅರ್ಧದಲ್ಲಿ ಗಕ್ಕನೆ ತಿರುಗಿ ಬರುತ್ತಿವೆ.

“ಸುಣ್ಣ ಹೊಡ್ದು ಒಂದ್ ಮಾಸ ಆಗ್ಲಿಲ್ಲ. ಗಂಜಿ ಕೈ ತೊಳ್ಕೊಂಡ್ ಹತ್ಬಾರ್ದಾ ನೀವು?” ಎಂದು ಒದ್ದೆ ಬಟ್ಟೆ ತಂದಳು.

“ಇರು ಇರು, ಒರೆಸ್ಬೇಡ” ಎಂದ ಅಪ್ಪ. ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಎಡಗೈಯ ಇರುವೆಗಳು ಎತ್ತರಕ್ಕೆ ಹೋಗುತ್ತಿದ್ದವು. ಬಲಗೈಯ ಇರುವೆಗಳು ಒಂದು ಗೇಣು ಕೆಳಗೇ ತಿರುಗುತ್ತಿದ್ದವು. “ಇದ ನೋಡು, ನನ್ ತೋಳೇ ಇಲ್ಲೈತೆ” ಎಂದ, ಮೆಲ್ಲಗೆ.

ಅವ್ವ ಬಟ್ಟೆ ಹಿಂಡಿ ಬದಿಗಿಟ್ಟಳು. ಬಂದ ನೆಂಟರು ಏನೆಂದುಕೊಂಡಾರು ಎಂದು ಗೊಣಗಿದಳು, ಆದರೆ ಒರೆಸಲಿಲ್ಲ. ಅಂದಿನಿಂದ ಅಪ್ಪ ಎದ್ದಾಗಲೆಲ್ಲ ಅವ್ವ, ನಾನು ಇಬ್ಬರೂ ಗೋಡೆ ನೋಡುತ್ತಿದ್ದೆವು. ಶಾಲೆಯಿಂದ ಬಂದವಳು ಬ್ಯಾಗು ಬಿಸಾಡಿ ಮೊದಲು ಇರುವೆಗಳನ್ನು ನೋಡುತ್ತಿದ್ದೆ. ಸಂಜೆಯ ಬಿಸಿಲು ಬಾಗಿಲಿಂದ ಓರೆಯಾಗಿ ಬಿದ್ದು, ಪ್ರತಿ ಇರುವೆಗೂ ಒಂದು ಉದ್ದ ನೆರಳು. ನೋಡುತ್ತ ನೋಡುತ್ತ ಗೋಡೆಯೇ ಮೆಲ್ಲಗೆ ಮೇಲಕ್ಕೆ ಹೊರಟಂತೆ ಅನ್ನಿಸುತ್ತಿತ್ತು. ಮೇಲಕ್ಕೆ ಹೋಗಲಿ, ಇನ್ನೊಂದು ಚೂರು ಹೋಗಲಿ ಎಂದು ಬಲಗಡೆಯ ಸಾಲಿಗೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ದೇವರಿಗೆ ಕೂಡ ನಾನು ಅಷ್ಟು ನಿಷ್ಠೆಯಿಂದ ಬೇಡಿಕೊಂಡಿಲ್ಲ.

ಅದು ಎಷ್ಟು ದಿನ ತೆಗೆದುಕೊಂಡಿತೋ ಲೆಕ್ಕವಿಲ್ಲ. ಮಾವನಿಗೆ ಮದುವೆಯಾಯಿತು, ಅಮರಾವತಿ ಹೊಳೆಯಲ್ಲಿ ನೀರು ಬಂತು, ಹೋಯಿತು. ಪೊಂಗಲ್‌ಗೆ ಸುಣ್ಣ ಹೊಡೆಯುವ ಹೊತ್ತಿಗೆ ಅವ್ವ ಕುಂಚ ಹಿಡಿದು ಬಂದು ಗೋಡೆಯ ಮುಂದೆ ನಿಂತಳು. ಎರಡು ಸಾಲೂ ಒಂದೇ ಎತ್ತರಕ್ಕೆ ಹೋಗಿ ತಿರುಗುತ್ತಿದ್ದವು. ಅವಳು ಕುಂಚ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಣ್ಣ ಸಿಡಿಯಿತು ಅಂದಳು, ಕುಂಚವನ್ನು ಅವಳಿನ್ನೂ ಅದ್ದಿಯೇ ಇರಲಿಲ್ಲ.

ಆಮೇಲೆ ಏನಾಯಿತು ಎಂದು ನೀವು ಕೇಳುತ್ತೀರಿ. ಆಮೇಲೆ ಏನೂ ಆಗಲಿಲ್ಲ. ಅದೇ ಇದರ ಸೊಗಸು, ಅದೇ ಇದರ ಕಷ್ಟ. ಬಂದ ಕಾಯಿಲೆ ವಾಸಿಯಾದರೆ ಹತ್ತು ಜನಕ್ಕೆ ಹೇಳಿಕೊಳ್ಳಬಹುದು. ಬಾರದೇ ಹೋದ ನೋವಿನ ಕತೆಯನ್ನು ಹೇಗೆ ಹೇಳುವುದು? ಅಪ್ಪ ನೇಯುತ್ತಿದ್ದ, ಏಳುತ್ತಿದ್ದ, ಗೋಡೆ ಹತ್ತಿ ಇಳಿದು ಮತ್ತೆ ಕುಳಿಗೆ ಇಳಿಯುತ್ತಿದ್ದ. ಸೀರೆಯ ಎರಡಂಚೂ ಸಮವಾಗಿ ಬರುತ್ತಿದ್ದವು, ಆದ್ದರಿಂದ ಅವನ್ನು ಯಾರೂ ಗಮನಿಸುತ್ತಿರಲಿಲ್ಲ. ನಮ್ಮ ಕುಳಿ ತೆರೆದೇ ಇತ್ತು. ಬೀದಿಯವರು ಹಲ್ಲಿ ಎನ್ನುವುದನ್ನು ಬಿಡಲಿಲ್ಲ, ಆದರೆ ಕೆಲವರ ಮನೆಯ ಮಗ್ಗ ನಡುನಡುವೆ ನಿಲ್ಲುವುದನ್ನು ನಾನೂ ಕೇಳಿಸಿಕೊಂಡಿದ್ದೇನೆ.

ದಶಕದ ಕೊನೆಯಲ್ಲಿ ನನಗೆ ಮದುವೆಯಾಯಿತು. ಗಂಡನಿಗೆ ಕೊಯಮತ್ತೂರಿನ ಮಿಲ್ಲಿನಲ್ಲಿ ಕೆಲಸ. ಧಾರಾಪುರಂ ಬಸ್ ಸ್ಟ್ಯಾಂಡಿಗೆ ಅಪ್ಪ, ದೊಡ್ಡಪ್ಪ ಇಬ್ಬರೂ ಬಂದಿದ್ದರು. ಅವ್ವ ಮನೆಯಲ್ಲೇ ಅತ್ತು ಮುಗಿಸಿದ್ದಳು. ನಾನು ಉಟ್ಟಿದ್ದದ್ದು ಅಪ್ಪ ನೇಯ್ದ ಸೀರೆ. ಕಿಟಕಿಯ ಪಕ್ಕ ಕುಳಿತು ಅದರ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಿದ್ದೆ. ಬಸ್ಸು ಹೊರಟಿತು. ದೊಡ್ಡಪ್ಪ ಕೈ ಎತ್ತಿದ, ಅದು ಎದೆಯ ತನಕ ಬಂತು, ಅಲ್ಲೇ ಬೆರಳುಗಳನ್ನು ಆಡಿಸಿದ. ಅವನ ಪಕ್ಕದಲ್ಲಿ ಅಪ್ಪನೂ ಕೈ ಎತ್ತಿದ. ಒಂದಲ್ಲ, ಎರಡೂ.

ಒಂದೇ ಕೈ ಎತ್ತಬೇಡಿ ಎಂದು ಮಾವ ಹೇಳಿದ್ದನಲ್ಲ. ಎರಡೂ ತೋಳು ಕಿವಿಗೆ ತಾಗುವಂತೆ, ಆ ಜನಜಂಗುಳಿಯ ಮೇಲೆ ನೆಟ್ಟಗೆ ಎತ್ತಿ ನಿಂತುಬಿಟ್ಟ. ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಕಂಡಕ್ಟರ್ ಹಿಂದಿನ ಬಾಗಿಲಿಂದ ಬಗ್ಗಿ ಕೂಗಿದ.

“ಎನ್ನಂಗಣ್ಣಾ, ಏರ್ರೀಂಗಳಾ?”

ಹತ್ತುತ್ತೀರಾ ಎಂದು ಕೇಳಿದ್ದಕ್ಕೆ ಅಪ್ಪ ಕೈ ಇಳಿಸದೆಯೇ ತಲೆಯಾಡಿಸಿದ. “ಇಲ್ಲೀಂಗ, ಪುಳ್ಳೈಕ್ಕು ಟಾಟಾ.” ಮಗಳಿಗೆ ಟಾಟಾ ಅಷ್ಟೆ.

ಬಸ್ಸಿಗೆ ಬಸ್ಸೇ ನಕ್ಕಿತು. ನನ್ನ ಗಂಡ ಕೂಡ ನಕ್ಕು, “ನಿಮ್ಮಪ್ಪ ಬಸ್ಸನ್ನೇ ನಿಲ್ಸಿಬಿಟ್ರಲ್ಲ” ಎಂದ. ಕಂಡಕ್ಟರ್ ಗೊಣಗಿ ವಿಸಿಲ್ ಊದಿದ, ಬಸ್ಸು ಮತ್ತೆ ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೇ ನೋಡುತ್ತಿದ್ದೆ. ಮೇಲೆ ಹೋದ ಕೈಯನ್ನು ತಕ್ಷಣ ಇಳಿಸಬಾರದು, ಅಲ್ಲೇ ಸ್ವಲ್ಪ ಹೊತ್ತು ಇರಬೇಕು. ಅಪ್ಪ ಇದ್ದ. ಮುಖ ಚಿಕ್ಕದಾಗುತ್ತ ಹೋಯಿತು, ಆಮೇಲೆ ಮುಖ ಯಾವುದೆಂದೇ ತಿಳಿಯಲಿಲ್ಲ. ಬಸ್ಸು ತಿರುಗುವ ತನಕ ಆ ಎರಡು ಕೈಗಳು ಮಾತ್ರ ಕಾಣುತ್ತಿದ್ದವು. ಕಣ್ಣೊರೆಸಿಕೊಂಡು ಸರಿಯಾಗಿ ನೋಡಿದೆ. ಎರಡೂ ಒಂದೇ ಎತ್ತರದಲ್ಲಿದ್ದವು.